ಭಾರದ್ದು ಮೊದಲು

ಸಾಮಾನು ಬೀಳಿಸಿ ಬೈಸಿಕೊಳ್ಳುವವರು ಲೋಕದ ತುಂಬ ಇದ್ದಾರೆ. ಬೀಳಿಸುವುದಕ್ಕೇ ಸಂಬಳ ತೆಗೆದುಕೊಳ್ಳುವವಳು ಆ ಊರಿನಲ್ಲಿ ಇವಳೊಬ್ಬಳೇ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಹಿಂಬದಿಯಲ್ಲಿ ಪರೀಕ್ಷೆಯ ಕೋಣೆ ಇತ್ತು. ಅಲ್ಲೊಂದು ಯಂತ್ರ: ಮೇಲೆ ಬಾಗಿಲಿನ ಹಾಗೆ ಎರಡು ಹಲಗೆ, ಕೆಳಗೆ ದಪ್ಪ ಕಬ್ಬಿಣದ ತಗಡು. ಹಲಗೆಯ ಮೇಲೆ ಪೆಟ್ಟಿಗೆ ಇಟ್ಟು ಗುಂಡಿ ಒತ್ತಿದರೆ ಹಲಗೆಗಳು ಸರಕ್ಕನೆ ಬಿಚ್ಚಿಕೊಂಡು ಪೆಟ್ಟಿಗೆ ದಢಾರನೆ ತಗಡಿಗೆ ಬಡಿಯುತ್ತದೆ. ಒಮ್ಮೆ ಮೂಲೆಯ ಮೇಲೆ, ಒಮ್ಮೆ ಅಂಚಿನ ಮೇಲೆ, ಒಮ್ಮೆ ಅಗಲಕ್ಕೆ. ಆಮೇಲೆ ಬಿಚ್ಚಿ, ಒಳಗಿನ ಗಾಜಿನ ಲೋಟವೋ ಮೇಜಿನ ದೀಪವೋ ಬದುಕಿದೆಯೋ ಸತ್ತಿದೆಯೋ ನೋಡಬೇಕು. ಅಷ್ಟೇ ಕೆಲಸ. ಹೇಳಿದರೆ ಯಾರೂ ನಂಬುತ್ತಿರಲಿಲ್ಲ. "ಇದಕ್ಕೂ ದುಡ್ಡು ಕೊಡ್ತಾರಾ? ನಮ್ಮನೇಲಿ ನಾನು ದಿನಾ ಬಿಟ್ಟಿ ಮಾಡ್ತೀನಿ!" ಎಂದು ಪಕ್ಕದ ಮನೆಯವಳು ನಕ್ಕಿದ್ದಳು.

ತಮ್ಮ ಇದ್ದಾಗ ಅವಳನ್ನು ದಢಾರಕ್ಕ ಎಂದು ಕರೆಯುತ್ತಿದ್ದ. ಅವಳೂ ಸುಮ್ಮನಿರುವವಳಲ್ಲ, ಅವನು ಸಣಕಲನೆಂದು ಕಡ್ಡಿ ಎಂದು ಹೆಸರಿಟ್ಟಿದ್ದಳು. "ಲೋ ಕಡ್ಡಿ, ಜೋರಾಗಿ ಗಾಳಿ ಬೀಸ್ತಿದೆ, ಜೇಬಲ್ಲಿ ಕಲ್ಲಿಟ್ಕೊಂಡು ಹೋಗೋ" ಎಂದು ಬೆಳಿಗ್ಗೆ ಬೆಳಿಗ್ಗೆಯೇ ಶುರುವಾಗುತ್ತಿತ್ತು ಅವಳದ್ದು. ಈಗ ಆ ಎರಡು ಹೆಸರೂ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಕಾರ್ಖಾನೆಯಲ್ಲಿ ಮಾತ್ರ ಎಲ್ಲರಿಗೂ ಅವಳು ಅಕ್ಕನೇ. ನಾವೂ ಅಕ್ಕ ಎಂದೇ ಕರೆಯೋಣ.

ಅಪ್ಪ ಗಾರೆ ಮೇಸ್ತ್ರಿ. ಕಡ್ಡಿ ಅವನ ಕೈಕೆಳಗೆ ಕೆಲಸ ಕಲಿತವನು. ಒಂದು ಮೂರಂತಸ್ತಿನ ಕಟ್ಟಡಕ್ಕೆ ಹೊರಗಿನ ಗಾರೆ ಮಾಡುವಾಗ ಮೇಲೆ ನಿಂತು ಕೆಲಸ ಮಾಡಲು ಕಟ್ಟಿದ ಸಾರುವೆಯ ಹಲಗೆ ಮುರಿದು ಕಡ್ಡಿ ಬಿದ್ದ, ಬಿದ್ದವನು ಏಳಲಿಲ್ಲ. ಅಪ್ಪ ಕೆಳಗೇ ಇದ್ದ. ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ. ಇದಕ್ಕಿಂತ ಹೆಚ್ಚಿಗೆ ಅಪ್ಪ ಹೇಳಲಿಲ್ಲ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕರ್ಮ ಕಳೆದ ಮೇಲೆ ಅವನು ಮತ್ತೆ ಕೆಲಸಕ್ಕೆ ಹೋಗತೊಡಗಿದ. ಆದರೆ ಎತ್ತರದ ಕೆಲಸ ಬಿಟ್ಟ. ಕಾಂಪೌಂಡ್ ಗೋಡೆ, ತೊಟ್ಟಿ, ಮೆಟ್ಟಿಲು ಇಂಥವೇ. ಮನೆಗೆ ಬಂದು ಕೈಕಾಲು ತೊಳೆದು ಗೋಡೆಗೊರಗಿ ಕೂತರೆ ಮುಗಿಯಿತು, ಬಾಯಿಗೆ ಬೀಗ. ಅಮ್ಮ ಹತ್ತು ಮಾತಾಡಿದರೆ ಒಂದು "ಹೂಂ" ಬರುತ್ತಿತ್ತು. ಅಕ್ಕ ಏನಾದರೂ ಕೇಳಿದರೆ ಅದೂ ಇಲ್ಲ. ಅಪ್ಪ ಮಗನ ಜೊತೆಯಲ್ಲೇ ಹೊರಟುಹೋಗಿದ್ದಾನೆ, ಇಲ್ಲಿ ಊಟ ಮಾಡುತ್ತಿರುವುದು ಬರೀ ಅವನ ಅಂಗಿ ಪಂಚೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ದಿನ ಊಟದ ಬಿಡುವಿನಲ್ಲಿ ಅಂಟು ಹಾಕುವ ವಿಭಾಗದ ಹುಡುಗಿ ಫೋನು ಹಿಡಿದುಕೊಂಡು ಬಂದಳು. "ಅಕ್ಕಾ, ಇದು ನಿಮ್ಮಪ್ಪ ಅಲ್ವಾ?" ಎಂದಳು, ನಗು ತಡೆದುಕೊಳ್ಳುತ್ತಾ.

ಅಪ್ಪನೇ. ಯಾವುದೋ ಅಂಗಡಿಯ ಹಿಂಕೋಣೆ. ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಕಣ್ಣು ಪರೀಕ್ಷೆಯದ್ದು. ಅದರ ಮುಂದೆ ಅಪ್ಪ ನಳಿಗೆಯಲ್ಲಿ ಗುಳ್ಳೆ ಆಡುವ ತನ್ನ ರಸಮಟ್ಟ ಹಿಡಿದು ನಿಂತಿದ್ದ. "ನಾನು ಕೆಲಸ ಶುರು ಮಾಡಿದಾಗಿನಿಂದ ನೀರು ನೋಡ್ತಿದೀನಿ ಸ್ವಾಮಿ. ನೀರು ಯಾವತ್ತೂ ಮಟ್ಟ. ಬಾಗಿದ ನೀರನ್ನ ಯಾರಾದ್ರೂ ತೋರ್ಸಿ. ಭೂಮಿ ದುಂಡಗಿದೆ ಅಂತೀರಲ್ಲ, ಹಂಗಾದ್ರೆ ನನ್ನ ರಸಮಟ್ಟ ಸುಳ್ಳಾ?" ಎನ್ನುತ್ತಿದ್ದ. ಕೂತವರು ಚಪ್ಪಾಳೆ ತಟ್ಟಿದರು. ವಿಡಿಯೊದ ಕೆಳಗೆ ಸಾಲುಸಾಲು ನಗುವ ಮುಖಗಳು. ಯಾರೋ ಒಬ್ಬ ಪುಣ್ಯಾತ್ಮ "ಮೊದಲು ಈ ತಾತನ ತಲೆಯ ಮಟ್ಟ ನೋಡಿ" ಎಂದು ಬರೆದಿದ್ದ.

ಅಕ್ಕನಿಗೆ ನಾಚಿಕೆಯಾಯಿತು ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ಇಷ್ಟೊಂದು ಮಾತು! ಅಷ್ಟು ಮಾತು ಇಟ್ಟುಕೊಂಡು ಮನೆಯಲ್ಲಿ ಒಂದು "ಊಟ ಆಯ್ತೇನಮ್ಮ" ಅನ್ನದವನು ಅಲ್ಲಿ ಹೋಗಿ ಭಾಷಣ ಬಿಗಿಯುತ್ತಿದ್ದಾನೆ. ಆ ಹಿಂಕೋಣೆಯ ಮಂದಿ ತನ್ನ ಅಪ್ಪನನ್ನು ಎತ್ತಿಕೊಂಡು ಹೋಗಿದ್ದಾರೆ, ಹೋಗಿ ಕರೆದುಕೊಂಡು ಬರಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಭೂಮಿಯ ಆಕಾರ ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು?

ವಿಷಯ ಹೀಗಿತ್ತು. ಹೋದ ವರ್ಷ ಅಪ್ಪ ಕನ್ನಡಕಕ್ಕೆಂದು ಪೇಟೆಯ ಅಂಗಡಿಗೆ ಹೋಗಿದ್ದ. ಆ ಕನ್ನಡಕದಂಗಡಿಯವನು ಭಲೇ ಮಾತುಗಾರ. ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಾ ಬದಲಿಸುತ್ತಾ ಭೂಮಿ ಚಪ್ಪಟೆ, ಅದು ಯಾವುದನ್ನೂ ಎಳೆಯುವುದಿಲ್ಲ, ನಮಗೆಲ್ಲ ಚಿಕ್ಕಂದಿನಿಂದ ಸುಳ್ಳು ಹೇಳಿಕೊಟ್ಟಿದ್ದಾರೆ ಎಂದು ಶುರು ಮಾಡುತ್ತಿದ್ದ. ಊರಿಗೆಲ್ಲ ಸರಿಯಾಗಿ ಕಾಣುವ ಹಾಗೆ ಮಾಡುವವನೇ ಹೀಗಂದರೆ! ಭಾನುವಾರ ಅಂಗಡಿಯ ಹಿಂಕೋಣೆಯಲ್ಲಿ ಅವನ ಕೂಟ. ನಿವೃತ್ತ ಬಸ್ ಡ್ರೈವರ್ ಒಬ್ಬ, ಬೇಕರಿಯವರಿಬ್ಬರು, ಇನ್ನೂ ಕೆಲವರು. ಅಪ್ಪ ಒಂದು ಭಾನುವಾರ ಹೋದವನು ಆಮೇಲೆ ಒಂದೂ ತಪ್ಪಿಸಿರಲಿಲ್ಲ.

ಸಂಜೆ ಮನೆಗೆ ಬಂದವಳೇ ಅಕ್ಕ ಚೀಲ ಎಸೆದು ಶುರುಮಾಡಿದಳು. "ಅಪ್ಪಾ, ಊರೆಲ್ಲ ನಗ್ತಿದೆ. ನಿನಗೆ ಬೇರೆ ಕೆಲಸ ಇಲ್ವಾ?"

ಅಪ್ಪ ಕರಣೆಗೆ ಅಂಟಿದ ಗಾರೆಯನ್ನು ಉಗುರಿನಿಂದ ಕೆರೆಯುತ್ತಿದ್ದ. ತಲೆ ಎತ್ತಲಿಲ್ಲ.

"ಭೂಮಿ ಎಳೆಯಲ್ವಂತೆ, ಹೌದಾ? ಹಂಗಾದ್ರೆ ನಾನು ದಿನಾ ಬೀಳ್ಸೋದು ಯಾಕೆ ಬೀಳುತ್ತೆ? ನನ್ನ ಮುಖ ನೋಡಿ ಬೀಳುತ್ತಾ?"

"ಭಾರ ಇದೆ, ಬೀಳುತ್ತೆ" ಎಂದ ಅಪ್ಪ. "ಗಾಳಿಗಿಂತ ಭಾರ ಇದ್ದಿದ್ದು ಕೆಳಗೆ ಬರುತ್ತೆ. ಹೆಚ್ಚು ಭಾರ ಇದ್ದಿದ್ದು ಬೇಗ ಬರುತ್ತೆ, ಕಮ್ಮಿ ಇದ್ದಿದ್ದು ನಿಧಾನ ಬರುತ್ತೆ. ಅದಕ್ಕೆ ಯಾರೂ ಎಳೀಬೇಕಾಗಿಲ್ಲ."

"ಅಯ್ಯೋ ರಾಮಾ! ಅದು ಸುಳ್ಳಪ್ಪ. ಭಾರದ್ದೂ ಹಗುರದ್ದೂ ಒಟ್ಟಿಗೇ ಬೀಳುತ್ತೆ. ಶಾಲೆ ಮಕ್ಕಳಿಗೂ ಗೊತ್ತು."

ಅಪ್ಪ ಆಗ ತಲೆ ಎತ್ತಿದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಒಂಥರಾ ಗಾಬರಿ ಇತ್ತು. ಅಕ್ಕ ಅದನ್ನು ನೋಡಿದಳು, ಆದರೆ ಮಾತಿನ ಬಿಸಿಯಲ್ಲಿ ಅದು ಏನೆಂದು ಯೋಚಿಸುವ ವ್ಯವಧಾನ ಎಲ್ಲಿತ್ತು? "ಭಾರದ್ದು ಮೊದಲು" ಎಂದ ಅಪ್ಪ, ಮೆಲ್ಲಗೆ. "ಅದೊಂದು ಗೊತ್ತು ನನಗೆ. ಭಾರದ್ದು ಮೊದಲು ಬರುತ್ತೆ." ಮತ್ತೆ ಕರಣೆ ಕೆರೆಯತೊಡಗಿದ.

ಅಮ್ಮ ಅಡುಗೆಮನೆಯಿಂದ ಕಣ್ಣಲ್ಲೇ ಸನ್ನೆ ಮಾಡಿ ಅವಳನ್ನು ಒಳಗೆ ಕರೆದಳು. "ಬಿಡೇ ಮಾರಾಯ್ತಿ. ಭೂಮಿ ಚಪ್ಪಟೆಯಾದ್ರೆ ನಿನ್ನ ಗಂಟೇನು ಹೋಗುತ್ತೆ? ಭಾನುವಾರ ಅಲ್ಲಿಗೆ ಹೋಗಿ ಬಂದ ದಿನ ಆ ಮನುಷ್ಯ ಚೆನ್ನಾಗಿ ನಿದ್ದೆ ಮಾಡ್ತಾರೆ. ಬೇರೆ ದಿನ ಹೊರಳಾಡ್ತಾನೇ ಇರ್ತಾರೆ. ನನಗೆ ಅಷ್ಟು ಸಾಕು."

"ಸುಳ್ಳು ಕೇಳ್ಕೊಂಡು ನಿದ್ದೆ ಮಾಡೋದಾ?"

"ನಿದ್ದೆ ನಿಜವಾದ್ದೇ ಅಲ್ವೇನೇ" ಎಂದಳು ಅಮ್ಮ.

ಅಕ್ಕ ಕೇಳುವವಳಲ್ಲ. ಹಿಡಿದ ಹಟ ಬಿಟ್ಟವಳೂ ಅಲ್ಲ. ಆ ವಾರವೆಲ್ಲ ಅವಳು ಕೆಲಸ ಮುಗಿದ ಮೇಲೆ ಪರೀಕ್ಷೆಯ ಕೋಣೆಯಲ್ಲಿ ಉಳಿದು ಎರಡು ಪೆಟ್ಟಿಗೆ ತಯಾರು ಮಾಡಿದಳು. ಒಂದೇ ಅಳತೆ, ಒಂದೇ ರಟ್ಟು, ಒಂದೇ ಕಂದು ಬಣ್ಣ. ಒಂದರಲ್ಲಿ ತೂಕದ ಕಬ್ಬಿಣದ ತುಂಡುಗಳನ್ನು ಅಲ್ಲಾಡದ ಹಾಗೆ ಜೋಡಿಸಿ ತುಂಬಿದಳು. ಇನ್ನೊಂದರಲ್ಲಿ ಒಂದಿಷ್ಟು ರಟ್ಟಿನ ಚೂರು. ಒಂದನ್ನು ಎತ್ತಲು ಎರಡು ಕೈ ಬೇಕು, ಇನ್ನೊಂದಕ್ಕೆ ಎರಡು ಬೆರಳು ಸಾಕು. ಯಂತ್ರದ ಮೇಲಿಟ್ಟು ಗುಂಡಿ ಒತ್ತಿ ನೋಡಿದಳು. ಎರಡೂ ಸೇರಿ ಒಂದೇ ಸದ್ದು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಭಾನುವಾರ ಮಧ್ಯಾಹ್ನ ಅಪ್ಪ ಹೊರಟ ಸ್ವಲ್ಪ ಹೊತ್ತಿಗೆ ಅವಳೂ ಆಟೊದಲ್ಲಿ ಪೆಟ್ಟಿಗೆ ಹಾಕಿಕೊಂಡು ಹೋದಳು. ಹಿಂಕೋಣೆಗೆ ಕಾಲಿಟ್ಟಾಗ ಅಪ್ಪ ಎದ್ದು ನಿಂತ. "ನೀನ್ಯಾಕೆ ಬಂದೆ?"

"ಕೂರಿ ಮೇಸ್ತ್ರಿಗಳೇ, ಮಗಳು ಬಂದ್ರೆ ಒಳ್ಳೇದೇ ಆಯ್ತಲ್ಲ" ಎಂದ ಕನ್ನಡಕದಂಗಡಿಯವನು, ಕುರ್ಚಿ ಎಳೆದು ಕೊಡುತ್ತಾ. "ಬಾಮ್ಮಾ. ಪ್ರಶ್ನೆ ಇದ್ರೆ ಕೇಳು, ನಾವು ಪ್ರಶ್ನೆಗೆ ಹೆದರೋರಲ್ಲ." ಮನುಷ್ಯ ಕೆಟ್ಟವನಲ್ಲ. ಮೆತ್ತಗಿನ ದನಿ, ಒರೆಸಿ ಒರೆಸಿ ಹೊಳೆಯುವ ಕನ್ನಡಕ, ಮೇಜಿನ ಮೇಲೆ ಎಲ್ಲರಿಗೂ ಟೀ.

ಅಕ್ಕ ಟೀ ಮುಟ್ಟಲಿಲ್ಲ. "ವಸ್ತು ಯಾಕೆ ಬೀಳುತ್ತೆ ಸಾರ್?"

"ಗಾಳಿಗಿಂತ ಭಾರ ಇದೆ, ಅದಕ್ಕೆ. ನೀರಿಗಿಂತ ಭಾರ ಇದ್ರೆ ಮುಳುಗುತ್ತೆ, ಹಗುರ ಇದ್ರೆ ತೇಲುತ್ತೆ. ಬಲೂನು ಮೇಲೆ ಹೋಗಲ್ವಾ? ಭೂಮಿ ಎಲ್ಲಾನೂ ಎಳೆಯೋ ಹಂಗಿದ್ರೆ ಬಲೂನನ್ನ ಯಾಕಮ್ಮಾ ಬಿಟ್ಟುಬಿಡ್ತು? ಏನು, ಅದರ ಮೇಲೆ ಪ್ರೀತಿನಾ?"

ಕೂತವರು ಗೊಳ್ಳೆಂದು ನಕ್ಕರು. ಡ್ರೈವರ್ ಮಾಮ ತೊಡೆ ತಟ್ಟಿಕೊಂಡ.

"ಗಾಳಿಗಿಂತ ಭಾರ, ಒಪ್ಪಿದೆ" ಎಂದಳು ಅಕ್ಕ. "ಆದ್ರೆ ಅದು ಕೆಳಕ್ಕೇ ಯಾಕೆ ಬರ್ಬೇಕು? ಪಕ್ಕಕ್ಕೆ ಯಾಕೆ ಹೋಗಲ್ಲ? ಮೇಲಕ್ಕೆ ಯಾಕೆ ಹೋಗಲ್ಲ? ಭಾರಕ್ಕೆ ದಾರಿ ತೋರ್ಸೋರು ಯಾರು?"

"ಕೆಳಗೆ ಅಂದ್ರೆ ಕೆಳಗೆ ಕಣಮ್ಮಾ. ಅದಕ್ಕೂ ಕಾರಣ ಬೇಕಾ?"

"ಬೇಕು ಸಾರ್. ಆ ಕಾರಣಾನೇ ಗುರುತ್ವಾಕರ್ಷಣೆ. ನಿಮ್ಮ ಬಲೂನು ಮೇಲೆ ಹೋಗೋದೂ ಅದರಿಂದ್ಲೇ. ಭೂಮಿ ಗಾಳೀನ ಇನ್ನೂ ಜೋರಾಗಿ ಎಳ್ಕೊಳ್ಳುತ್ತೆ, ಆ ಗಾಳಿ ಕೆಳಗೆ ನುಗ್ಗಿ ಬಲೂನನ್ನ ಮೇಲಕ್ಕೆ ತಳ್ಳುತ್ತೆ."

"ನಾನು ಜೀವಮಾನ ಎಲ್ಲ ಬಸ್ ಓಡಿಸಿದೀನಿ" ಎಂದು ಡ್ರೈವರ್ ಮಾಮ ನಡುವೆ ಬಾಯಿ ಹಾಕಿದ. "ಎಲ್ಲೂ ಭೂಮಿ ಬಾಗಿದ್ದು ನೋಡಿಲ್ಲಮ್ಮ. ರೋಡ್ ಹಂಪು ಬಿಟ್ರೆ."

ಮತ್ತೆ ನಗು. ಈ ಸಲ ಅಕ್ಕನೂ ನಕ್ಕಳು. ಅಪ್ಪನೊಬ್ಬ ನಗಲಿಲ್ಲ. ಅವನು ಅವಳ ಕಾಲ ಬಳಿ ಇದ್ದ ಪೆಟ್ಟಿಗೆಗಳನ್ನೇ ನೋಡುತ್ತಿದ್ದ.

"ಮಾತು ಸಾಕು" ಎಂದಳು ಅಕ್ಕ. "ಭಾರದ್ದು ಬೇಗ ಬೀಳುತ್ತೆ, ಹಗುರದ್ದು ನಿಧಾನ ಬೀಳುತ್ತೆ ಅಂತ ತಾನೇ ನೀವು ಹೇಳೋದು? ಬನ್ನಿ ಹೊರಗೆ. ನೋಡೇ ಬಿಡೋಣ."

ಅಂಗಡಿಯ ಹಿಂದೆ ಸಿಮೆಂಟಿನ ಅಂಗಳ, ಮೇಲಕ್ಕೆ ಹೋಗುವ ಕಬ್ಬಿಣದ ಮೆಟ್ಟಿಲು. ಎಲ್ಲರೂ ಎರಡೂ ಪೆಟ್ಟಿಗೆ ಎತ್ತಿ ನೋಡಿದರು. ಭಾರದ್ದನ್ನು ಎತ್ತುವಾಗ ಬೇಕರಿಯವನೊಬ್ಬ ಸೊಂಟ ಹಿಡಿದುಕೊಂಡ. ಅಕ್ಕ ಮೇಲಿನ ಮೆಟ್ಟಿಲಿಗೆ ಹತ್ತಿ, ಕಂಬಿಯಾಚೆ ಒಂದು ಹಲಗೆ ಚಾಚಿ, ಅದರ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಳು. "ನೋಡ್ಕೊಳಿ" ಎಂದು ಹಲಗೆಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಪೆಟ್ಟಿಗೆಗಳು ಹೆಗಲಿಗೆ ಹೆಗಲು ಕೊಟ್ಟುಕೊಂಡು ಇಳಿದು ಒಂದೇ ಸದ್ದು ಮಾಡಿದವು.

ಡ್ರೈವರ್ ಮಾಮ ಬಗ್ಗಿ ಎರಡೂ ಪೆಟ್ಟಿಗೆಯ ಮೂಲೆ ಮುಟ್ಟಿ ನೋಡಿದ. ಆಮೇಲೆ ಕನ್ನಡಕದಂಗಡಿಯವನು, "ಇದರಲ್ಲಿ ಏನೋ ಕೈಚಳಕ ಇದೆ. ಎತ್ತರ ಸಾಲದು" ಎಂದು ಗೊಣಗಿದ. ಬೇಕರಿಯವನು, "ಎತ್ತರ ಎಷ್ಟೇ ಇರ್ಲಿ ಸಾರ್, ಒಂದು ಚೂರಾದ್ರೂ ಹಿಂದೆ ಮುಂದೆ ಆಗ್ಬೇಕಿತ್ತು" ಎಂದ. ಅವರವರಲ್ಲೇ ಜಗಳ ಹತ್ತಿಕೊಂಡಿತು.

"ಇನ್ನೊಂದ್ಸಲ" ಎಂದ ಅಪ್ಪ.

ಅವನೇ ಪೆಟ್ಟಿಗೆಗಳನ್ನು ಹೊತ್ತು ತಂದು ಮೇಲೆ ಕೊಟ್ಟ. ಅಕ್ಕ ಮತ್ತೆ ಬೀಳಿಸಿದಳು. ಒಂದೇ ಸದ್ದು. "ಇನ್ನೊಂದ್ಸಲ" ಎಂದ. ಜಾಗ ಅದಲುಬದಲು ಮಾಡಿಸಿದ. ಆ ಸಲ ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಗೋಡೆಯ ಓರೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದ. ಒಂದೇ ಸದ್ದು. ಅಕ್ಕನಿಗೆ ಎದೆ ತುಂಬಿ ಬಂತು. ಅಪ್ಪ ನೋಡುತ್ತಿದ್ದಾನೆ! ಅಪ್ಪ ತನ್ನ ಕೆಲಸ ನೋಡುತ್ತಿದ್ದಾನೆ, ಕೇಳುತ್ತಿದ್ದಾನೆ.

"ಸಿಮೆಂಟ್ ಚೀಲ ಆದ್ರೆ?" ಎಂದು ಅಪ್ಪ ಕೆಳಗಿನಿಂದ ಕೇಳಿದ. "ಒಂದು ಕಡೆ ತುಂಬಿದ ಚೀಲ, ಇನ್ನೊಂದು ಕಡೆ ಅದಕ್ಕಿಂತ ಹಗುರದ್ದು ಏನೋ ಒಂದು. ಆಗ್ಲೂ ಹಿಂಗೇನಾ?"

"ಚೀಲ ಆದ್ರೂ ಅಷ್ಟೇ, ಬಂಡೆ ಆದ್ರೂ ಅಷ್ಟೇ ಅಪ್ಪಾ! ಒಟ್ಟಿಗೆ ಬಿಟ್ರೆ ಒಟ್ಟಿಗೇ ಬರುತ್ತೆ. ಭಾರದ್ದು ಮೊದಲು ಅನ್ನೋದು ಶುದ್ಧ ಸುಳ್ಳು."

ಅಪ್ಪ ಎದ್ದ. ಮೊಣಕಾಲಿನ ಧೂಳು ಕೊಡವಿಕೊಂಡ. ಯಾರಿಗೂ ಏನೂ ಹೇಳದೆ ಅಂಗಡಿಯೊಳಗಿಂದ ಹಾದು ಬೀದಿಗಿಳಿದು ಮನೆಯ ಕಡೆ ಹೊರಟ. ಅವನ ರಸಮಟ್ಟ ಅಲ್ಲೇ ಮೇಜಿನ ಮೇಲೆ ಉಳಿಯಿತು. ಅಕ್ಕ ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ಗೆದ್ದ ಪೈಲ್ವಾನನ ಹಾಗೆ ಮನೆಗೆ ಬಂದಳು.

ಗೆದ್ದದ್ದು ಏನು ಎಂಬುದು ಆಮೇಲೆ ತಿಳಿಯುತ್ತ ಬಂತು. ಅಪ್ಪ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕರಣೆ, ತೂಕದ ಗುಂಡು, ದಾರ ಎಲ್ಲವನ್ನೂ ಬಾಂಡ್ಲಿಗೆ ಹಾಕಿ ಮಂಚದ ಕೆಳಗೆ ತಳ್ಳಿದ. ಗೋಡೆಗೊರಗಿ ಕೂರುತ್ತಿದ್ದವನು ಈಗ ಗೋಡೆಯ ಕಡೆ ಮುಖ ಮಾಡಿ ಮಲಗತೊಡಗಿದ. ತಟ್ಟೆ ಇಟ್ಟರೆ ಎರಡು ತುತ್ತು, ಮತ್ತೆ ಕೈ ತೊಳೆಯುವುದು. ಮುಂದಿನ ಭಾನುವಾರ ಬಂತು. ಅವನು ಅಂಗಿ ಹಾಕಿಕೊಳ್ಳಲಿಲ್ಲ.

"ಸಮಾಧಾನ ಆಯ್ತಾ?" ಎಂದಳು ಅಮ್ಮ, ಒಗೆದ ಬಟ್ಟೆ ಹಿಂಡುತ್ತಾ. ಅವಳು ಬೈಯುವ ಹೆಂಗಸಲ್ಲ, ಆವತ್ತು ಬೈದಳು. "ಗೆದ್ಯಲ್ಲ, ಹೋಗಿ ಸನ್ಮಾನ ಮಾಡಿಸ್ಕೋ. ಮಗ ಹೋದಾಗ್ಲೂ ಇಷ್ಟು ಇಳಿದುಹೋಗಿರ್ಲಿಲ್ಲ ಅವರು. ಏನು ಮಾಡ್ದೆ ಹೋಗಿ ಅಲ್ಲಿ? ಹೇಳು, ಏನು ಮಾಡ್ದೆ?"

ಅಕ್ಕ ಬಕೆಟ್ಟಿನಿಂದ ಒಂದು ಬಟ್ಟೆ ಎತ್ತಿ ತಾನೂ ಹಿಂಡತೊಡಗಿದಳು. ಎರಡು ಪೆಟ್ಟಿಗೆ ಬೀಳಿಸಿದೆ, ಅಷ್ಟೇ.

ಮರುದಿನ ಕಾರ್ಖಾನೆಯ ಗೇಟಿನ ಹತ್ತಿರ ಕನ್ನಡಕದಂಗಡಿಯವನು ನಿಂತಿದ್ದ. ಕೈಯಲ್ಲೊಂದು ಕನ್ನಡಕದ ಡಬ್ಬಿ. ಜಗಳಕ್ಕೆ ಬಂದನೇನೋ ಎಂದುಕೊಂಡಳು.

"ಇದು ನಿಮ್ಮಪ್ಪಂದು, ಹೊಸದು. ತೊಗೊಂಡು ಹೋಗಲಿಲ್ಲ ಅವರು" ಎಂದ. ಡಬ್ಬಿ ಕೊಟ್ಟ ಮೇಲೂ ಹೋಗದೆ ಕಾಲು ಬದಲಿಸುತ್ತಾ ನಿಂತ. "ಹುಷಾರಿದ್ದಾರಾ ಮೇಸ್ತ್ರಿಗಳು?"

"ಇಲ್ಲ."

"ಒಂದು ಮಾತು ಹೇಳ್ಲಾಮ್ಮ, ಬೇಜಾರು ಮಾಡ್ಕೋಬೇಡ. ನಿಮ್ಮಪ್ಪನಿಗೆ ಭೂಮಿ ದುಂಡಗಿದ್ರೇನು ಚಪ್ಪಟೆ ಇದ್ರೇನು, ಏನೂ ಆಗ್ಬೇಕಿರ್ಲಿಲ್ಲ. ನನಗೆ ಅದು ಮೊದಲ ದಿನಾನೇ ಗೊತ್ತಾಯ್ತು. ನಾನು ಸೂರ್ಯ ಚಂದ್ರ ಎಲ್ಲ ಹೇಳ್ತಿದ್ರೆ ಆಕಳಿಸೋರು. ಕೊನೇಲಿ ಒಂದೇ ಒಂದು ಕೇಳೋರು. 'ಸಾರ್, ಭಾರದ್ದು ಮೊದಲು ಬೀಳುತ್ತೆ ತಾನೇ?' ಪ್ರತಿ ಭಾನುವಾರ. ನಾನು 'ಹೌದು ಮೇಸ್ತ್ರಿಗಳೇ' ಅಂತಿದ್ದೆ. 'ಹಾಗಾದ್ರೆ ಸರಿ' ಅಂತ ಎದ್ದು ಹೋಗೋರು." ಅವನು ತನ್ನ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದ. "ಯಾಕೆ ಅಂತ ನಾನು ಕೇಳಲಿಲ್ಲ. ಕೇಳ್ಬೇಕಿತ್ತೇನೋ."

ಆ ದಿನ ಅಕ್ಕ ಯಂತ್ರದ ಮುಂದೆ ನಿಂತು ಗುಂಡಿ ಒತ್ತಲು ಹೋದವಳು ಕೈ ಹಿಂತೆಗೆದುಕೊಂಡಳು. ಸಿಮೆಂಟ್ ಚೀಲ. ಹಗುರದ್ದು ಏನೋ ಒಂದು. ಅಪ್ಪ ಆ ಮಾತು ಕೇಳಿದಾಗ ಅವಳು ಮೇಲೆ ನಿಂತು ಸಂಭ್ರಮದಲ್ಲಿ ಕೂಗಿ ಹೇಳಿದ್ದಳಲ್ಲ! ಯಂತ್ರದ ಸ್ವಿಚ್ಚು ಆರಿಸಿದಳು. ಮೈ ಸರಿಯಿಲ್ಲ ಎಂದು ಹೇಳಿ ಮನೆಗೆ ಬಂದಳು.

ಅಪ್ಪ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಅಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಅವನ ಪಕ್ಕ ಕೂತು, "ಅಪ್ಪಾ, ಅವತ್ತು ತಮ್ಮನ ಜೊತೆ ಚೀಲಾನೂ ಬಿತ್ತಾ?" ಎಂದಳು.

ಅಪ್ಪ ಯಾರದ್ದೋ ಕಟ್ಟಡದ ಕೆಲಸ ವಿವರಿಸುವವನ ಹಾಗೆ ಹೇಳಿದ.

"ಹಲಗೆ ಮೇಲೆ ಚೀಲ ಇತ್ತು. ಅವನು ಅದರ ಪಕ್ಕ ಕೂತಿದ್ದ. ನಾನು ಕೆಳಗೆ ಗಾರೆ ಕಲಸ್ತಿದ್ದೆ. ಟಕ್ ಅಂತು, ತಲೆ ಎತ್ತಿದೆ. ಇಬ್ಬರೂ ಬರ್ತಿದ್ರು. ಚೀಲಾನೂ, ಅವನೂ. ನೇರ ನನ್ನ ಮೇಲೆ." ಎರಡು ಕೈಗಳನ್ನೂ ಪಕ್ಕಪಕ್ಕ ಎತ್ತಿ ತೋರಿಸಿದ. "ಯೋಚನೆ ಮಾಡೋಕೆ ಟೈಮ್ ಎಲ್ಲಿತ್ತು? ಆದ್ರೂ ತಲೇಲಿ ಬಂತು. ಚೀಲ ಭಾರ, ಮೊದಲು ಬರುತ್ತೆ. ಅದು ಬೀಳ್ಲಿ, ಆಮೇಲೆ ಮಗನ್ನ ಹಿಡ್ಕೋತೀನಿ ಅಂತ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟೆ. ಕೈ ಚಾಚ್ಕೊಂಡೇ ಇದ್ದೆ ಕಣಮ್ಮ. ಚಾಚ್ಕೊಂಡೇ ಇದ್ದೆ."

ಒಳಗೆ ನಲ್ಲಿಯ ಸದ್ದು.

"ಒಂದೇ ಸದ್ದು ಬಂತು" ಎಂದ ಅಪ್ಪ. "ನನ್ನ ಕಿವಿಗೆ ಒಂದೇ ಕೇಳಿಸ್ತು. ಇಲ್ಲ, ಗಾಬರೀಲಿ ಹಂಗನ್ನಿಸ್ತು, ಎರಡಿತ್ತು, ಚೀಲದ್ದು ಮೊದಲು ಬಂತು, ನನ್ನ ಕಾಲು ಜಾರಿ ತಡ ಆಯ್ತು ಅಂತ ನಾನೇ ಹೇಳ್ಕೊಂಡೆ. ಅಲ್ಲಿ ಅವರೂ ಹೌದು ಅಂದ್ರು. ಹೌದು ಅನ್ನೋರು ಬೇಕಿತ್ತು ನನಗೆ."

"ಅಪ್ಪಾ, ಕೇಳು." ಅವಳು ಅವನ ಕೈ ಹಿಡಿದುಕೊಂಡಳು. "ಅಷ್ಟು ಎತ್ತರದಿಂದ ಬರೋ ಮನುಷ್ಯನ್ನ ಯಾರೂ ಹಿಡಿಯೋಕಾಗಲ್ಲ. ನೀನು ನಿಂತಿದ್ರೆ ನೀನೂ ಹೋಗ್ತಿದ್ದೆ. ಇಬ್ಬರೂ ಹೋಗ್ತಿದ್ರಿ. ನನ್ನ ಕೆಲಸಾನೇ ಅದು, ನನಗೆ ಗೊತ್ತು."

"ಗೊತ್ತಮ್ಮ. ಹಿಡೀತಿದ್ದೆ ಅಂತ ನಾನು ಹೇಳ್ತಿಲ್ಲ." ಅವನ ದನಿ ಆಗ ಒಡೆಯಿತು. "ಅವನು ನನ್ನ ನೋಡ್ತಿದ್ದ ಕಣಮ್ಮ. ಬರೋವಾಗ ನನ್ನೇ ನೋಡ್ತಿದ್ದ. ಅಪ್ಪ ಹಿಂದೆ ಸರಿಯೋದನ್ನ ನೋಡಿದ. ಚೀಲ ಮೊದಲು ಬರುತ್ತೆ ಅಂತ ಸರಿದೆ ಮಗಾ ಅಂತ ನಾನು ದಿನಾ ಅವನಿಗೆ ಹೇಳ್ತಿದ್ದೆ, ಮನಸ್ಸಲ್ಲೇ. ಈಗ ಏನಂತ ಹೇಳ್ಲಿ?"

ಅಕ್ಕ ಅತ್ತಳು. ಅಳುತ್ತಾ ಅಳುತ್ತಾ ಎದ್ದಳು. ಅವಳಿಗೆ ಅನ್ನಿಸಿದ್ದು ಒಂದೇ: ತಾನು ಕಿತ್ತುಕೊಂಡದ್ದನ್ನು ತಾನೇ ವಾಪಸ್ಸು ಕೊಡಬೇಕು. ಸುಳ್ಳಾದರೆ ಸುಳ್ಳು. ಲೋಕದ ವಿಜ್ಞಾನವೆಲ್ಲ ಸುಟ್ಟುಹೋಗಲಿ, ಅಪ್ಪನಿಗೆ ನಿದ್ದೆ ಬರಲಿ.

ಕಣ್ಣೊರೆಸಿಕೊಂಡು ಮಂಚದ ಕೆಳಗಿನ ಬಾಂಡ್ಲಿಯಿಂದ ಕರಣೆ ತೆಗೆದಳು. ಗೋಡೆಗೆ ನೇತುಹಾಕಿದ ಹಳೆಯ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದಳು. ಸ್ಟೂಲು ಎಳೆದು ನಡುಮನೆಯಲ್ಲಿ ಹಾಕಿ, "ಅಪ್ಪಾ, ಒಳಗೆ ಬಾ" ಎಂದಳು. ಅಪ್ಪ ಬಂದು ಹೊಸ್ತಿಲ ಬಳಿ ನಿಂತ.

"ನಾನು ಅವತ್ತು ಮೋಸ ಮಾಡ್ದೆ" ಎಂದಳು. "ಅವರ ಮುಂದೆ ಗೆಲ್ಬೇಕು ಅಂತ. ಎರಡೂ ಪೆಟ್ಟಿಗೆ ಒಂದೇ ಅಳತೆ ಮಾಡಿ ಕಣ್ಣಿಗೆ ಮಣ್ಣೆರಚಿದೆ. ನಿಜ ಏನು ಅಂತ ಈಗ ನೋಡು." ಸ್ಟೂಲು ಹತ್ತಿ ಒಂದು ಕೈಯಲ್ಲಿ ಕರಣೆ, ಇನ್ನೊಂದು ಕೈಯಲ್ಲಿ ಹಾಳೆಯನ್ನು ಅಗಲವಾಗಿ ಹಿಡಿದು ಒಟ್ಟಿಗೆ ಬಿಟ್ಟಳು. ಕರಣೆ ಠಣ್ಣೆಂದು ನೆಲಕ್ಕೆ ಬಿತ್ತು. ಹಾಳೆ ಅತ್ತ ಇತ್ತ ತೂಗಾಡಿ, ಮಂಚದ ಕಾಲಿನ ಹತ್ತಿರ ನಿಧಾನವಾಗಿ ಇಳಿಯಿತು. "ನೋಡ್ದಾ? ಭಾರದ್ದೇ ಮೊದಲು. ನೀನು ಹೇಳಿದ್ದೇ ಸರಿ ಅಪ್ಪಾ. ನೀನು ಸರಿದಿದ್ದೂ ಸರಿ. ಕಡ್ಡಿ ಹಗುರ ಇದ್ದ, ಚೀಲ ಭಾರ ಇತ್ತು. ನೀನು ಸರಿಯಾಗೇ ಮಾಡಿದ್ದೆ."

ಅಪ್ಪ ನೆಲದ ಮೇಲಿನ ಹಾಳೆ ನೋಡಿದ. ಅವನ ಹಣೆಯ ಗೆರೆಗಳು ಒಂದು ಕ್ಷಣ ಸಡಿಲಾದವು. ನಂಬು, ದಮ್ಮಯ್ಯ, ನಂಬಪ್ಪ ಎಂದು ಅಕ್ಕ ಒಳಗೊಳಗೇ ಬೇಡಿಕೊಂಡಳು.

ಅವನು ಬಗ್ಗಿ ಹಾಳೆ ಎತ್ತಿಕೊಂಡ. ಕರಣೆಯನ್ನೂ ಎತ್ತಿಕೊಂಡ. "ಇಳಿಯಮ್ಮ" ಎಂದ. ಅವಳು ಇಳಿದಳು. ಎತ್ತರದ ಕೆಲಸ ಬಿಟ್ಟ ಮನುಷ್ಯ ಮೊಣಕಾಲು ಹಿಡಿದು ಆ ಸ್ಟೂಲು ಹತ್ತಿದ. ಅವನು ಬೀಳದಿರಲೆಂದು ಅವಳು ಕಾಲು ಹಿಡಿದುಕೊಂಡಳು. ಅವನು ಹಾಳೆಯನ್ನು ಅಂಗೈಯಲ್ಲಿಟ್ಟು ಮುದುಡಿದ. ಇಷ್ಟು ಕಾಲ ಗಾರೆ ಉಂಡೆ ಹಿಡಿದ ಕೈ ಅದು. ಮತ್ತೆ ಮತ್ತೆ ಅದುಮಿ ಗಟ್ಟಿ ಮಾಡಿದ. ಆಮೇಲೆ ಕರಣೆಯನ್ನೂ ಆ ಉಂಡೆಯನ್ನೂ ಮುಂದೆ ಚಾಚಿ ಎರಡೂ ಕೈ ಒಟ್ಟಿಗೆ ಬಿಟ್ಟ. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

"ಅವನು ಹಾಳೆ ಥರ ಬಿಚ್ಕೊಂಡು ಬರ್ಲಿಲ್ಲ ಮಗಳೇ" ಎಂದ. "ಹಿಂಗೆ ಮುದುಡ್ಕೊಂಡು ಬಂದ."

ಒಳಗೆ ನಲ್ಲಿ ನಿಂತಿತು. "ಏನ್ರೀ ಅದು ಬಿದ್ದಿದ್ದು?" ಎಂದು ಅಮ್ಮ ಕೂಗಿ ಕೇಳಿದಳು.

"ಏನಿಲ್ಲ ಕಣೇ" ಎಂದ ಅಪ್ಪ, ಸ್ಟೂಲಿನ ಮೇಲೆ ನಿಂತೇ. "ಕರಣೆ."

ಅಮ್ಮನಿಗೆ ಕೇಳಿಸಿದ್ದು ಅದೊಂದೇ ಸದ್ದು. ಅವಳು ಮತ್ತೆ ನಲ್ಲಿ ತಿರುಗಿಸಿದಳು. ಅಕ್ಕ ಅಪ್ಪನ ಕಾಲು ಬಿಡದೆ ಹಾಗೆಯೇ ಹಿಡಿದುಕೊಂಡು ನಿಂತಳು.